ನೀರಿನಿಂದ ಜಲಜನಕ: ಅಗ್ಗದ ವೇಗವರ್ಧಕದ ಹುಡುಕಾಟ

ನೀರಿನಲ್ಲಿ ವಿದ್ಯುತ್ ಹಾಯಿಸಿದರೆ ಅದು ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಇಂಗ್ಲೆಂಡಿನ ನಿಕೋಲ್ಸನ್ ಮತ್ತು ಕಾರ್ಲೈಲ್ 1800ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ಜಲಜನಕ ಉರಿದರೆ ಹೊಗೆಯಿಲ್ಲ, ಮತ್ತೆ ನೀರೇ ಆಗುತ್ತದೆ. ಆದರೂ ಜಗತ್ತಿನ ಬಹುಪಾಲು ಜಲಜನಕ ಇಂದಿಗೂ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದಲೇ ಬರುತ್ತಿದೆ. ಕಾರಣ, ಖರ್ಚು.

ಖರ್ಚು ನೀರಿನದಲ್ಲ. 1 ಕಿಲೋ ಜಲಜನಕಕ್ಕೆ ಒಡೆಯುವ ನೀರು ಸುಮಾರು 9 ಲೀಟರ್ ಅಷ್ಟೆ. ಆದರೆ ವಿದ್ಯುತ್ 50 ಯೂನಿಟ್‌ಗೂ ಹೆಚ್ಚು ಬೇಕು. ಅದನ್ನು ಉರಿಸಿದಾಗ ಮರಳಿ ಸಿಗುವ ಶಕ್ತಿ ಹೆಚ್ಚೆಂದರೆ 39 ಯೂನಿಟ್. ನೀರಿನಿಂದಲೇ ಓಡುವ ಬೈಕು ಎಂದು ಪ್ರಚಾರ ಮಾಡುವವರು ಈ ಲೆಕ್ಕ ಹೇಳುವುದಿಲ್ಲ.

ನೀರು ಒಡೆಯಲು ಸಿದ್ಧಾಂತದ ಪ್ರಕಾರ 1.23 ವೋಲ್ಟ್ ಸಾಕು. ಕಾರ್ಖಾನೆಗಳಲ್ಲಿ 1.8ರಿಂದ 2 ವೋಲ್ಟ್ ಹಿಡಿಯುತ್ತದೆ. ಹೆಚ್ಚಿನ ಪಾಲು ಬಿಸಿಯಾಗಿ ಹೋಗುತ್ತದೆ. ಈ ನಷ್ಟ ತಗ್ಗಿಸುವುದೇ ವೇಗವರ್ಧಕದ ಕೆಲಸ. ತಾನು ಖರ್ಚಾಗದೆ ಕ್ರಿಯೆಯನ್ನು ಸುಲಭ ಮಾಡಿಕೊಡುವ ವಸ್ತು ಅದು. ಜಲಜನಕ ಏಳುವ ಕಡೆ ಪ್ಲಾಟಿನಂ, ಆಮ್ಲಜನಕ ಏಳುವ ಕಡೆ ಇರಿಡಿಯಂ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಇರಿಡಿಯಂ ಇಡೀ ಜಗತ್ತಿನಲ್ಲಿ ವರ್ಷಕ್ಕೆ 10 ಟನ್ ಕೂಡ ಸಿಗುವುದಿಲ್ಲ.

ನಿಕಲ್ ಅಗ್ಗ. ಕ್ಷಾರ ಬೆರೆಸಿದ ನೀರಿನಲ್ಲಿ ಅದು ವರ್ಷಗಟ್ಟಲೆ ಬಾಳುತ್ತದೆ. ಪಂಜಾಬಿನ ನಂಗಲ್ ಗೊಬ್ಬರ ಕಾರ್ಖಾನೆ 1960ರ ದಶಕದಲ್ಲಿ ಭಾಕ್ರಾ ಅಣೆಕಟ್ಟಿನ ವಿದ್ಯುತ್ ಬಳಸಿ ಕ್ಷಾರದ ನೀರಿನಿಂದಲೇ ಜಲಜನಕ ತೆಗೆಯುತ್ತಿತ್ತು. ಆದರೆ ಒತ್ತೊತ್ತಾಗಿ ಜೋಡಿಸುವ ಹೊಸ ಬಗೆಯ ಯಂತ್ರಗಳ ಒಳಗೆ ಆಮ್ಲದ ಗುಣವಿರುತ್ತದೆ. ಅಲ್ಲಿ ನಿಕಲ್, ಕಬ್ಬಿಣ ಕರಗಿಹೋಗುತ್ತವೆ. ತೊಡಕು ಇರುವುದೇ ಇಲ್ಲಿ.

2008ರಲ್ಲಿ ಅಮೆರಿಕದ ಎಂಐಟಿಯ ಡೇನಿಯಲ್ ನೊಸೆರಾ ಮತ್ತು ಮ್ಯಾಥ್ಯೂ ಕೇನನ್ ಬೇರೆ ದಾರಿ ಹಿಡಿದರು. ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ ನೀರಿಗೆ ಕೋಬಾಲ್ಟ್ ಮತ್ತು ಫಾಸ್ಫೇಟ್ ಬೆರೆಸಿ ವಿದ್ಯುತ್ ಹಾಯಿಸಿದಾಗ ವೇಗವರ್ಧಕದ ಪದರ ತಾನೇ ಕಟ್ಟಿಕೊಂಡಿತು. ಸವೆದರೆ ತಾನೇ ದುರಸ್ತಿಯಾಗುತ್ತಿತ್ತು! 2011ರಲ್ಲಿ ಇದನ್ನೇ ಸೌರಕೋಶಕ್ಕೆ ಹಚ್ಚಿ 'ಕೃತಕ ಎಲೆ' ಮಾಡಿದರು. ಟಾಟಾ ಸಮೂಹವೂ ನೊಸೆರಾ ಅವರ ಕಂಪನಿಗೆ ಹಣ ಹೂಡಿತ್ತು. ವೇಗವರ್ಧಕವೇನೋ ಅಗ್ಗವಾಯಿತು, ಸೌರಕೋಶದ, ಅನಿಲ ಹಿಡಿದಿಡುವ ಖರ್ಚು ಹಾಗೆಯೇ ಉಳಿಯಿತು. ಕಂಪನಿ ಬ್ಯಾಟರಿಯತ್ತ ಹೊರಳಿತು, 2014ರಲ್ಲಿ ಲಾಕ್‌ಹೀಡ್ ಮಾರ್ಟಿನ್ ಅದನ್ನು ಕೊಂಡಿತು.

ಬೆಂಗಳೂರಿನಲ್ಲೂ ಹುಡುಕಾಟ ನಡೆದಿದೆ. ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಯಂತ್ರದ ಗ್ರೀಸಿಗೆ ಬೆರೆಸುವ ಮಾಲಿಬ್ಡಿನಂ ಡೈಸಲ್ಫೈಡನ್ನು ತೆಳು ಹಾಳೆಯಾಗಿಸಿ, ಬೆಳಕಿನ ನೆರವಿನಿಂದ ಜಲಜನಕ ಬಿಡಿಸಿದ ವರದಿ 2013ರಲ್ಲಿ ಪ್ರಕಟವಾಯಿತು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿದ ಹಸಿರು ಜಲಜನಕ ಯೋಜನೆಯ ಮೊತ್ತ 19,744 ಕೋಟಿ ರೂಪಾಯಿ.