ಸಂತ ನಿಕೊಲಾಸನ ಕಾಣಿಕೆಯೂ ಮಕ್ಕಳ ನಂಬಿಕೆಯೂ

ಪಾಶ್ಚಾತ್ಯ ಜನಾಂಗಗಳ ಹಬ್ಬದ ಆಚಾರಗಳಲ್ಲಿ ವಿಚಾರಾರ್ಹವಾದುದೊಂದುಂಟು. ಡಿಸೆಂಬರ್ ತಿಂಗಳಿನ ಒಂದು ರಾತ್ರಿ, ಮಕ್ಕಳು ಮಲಗಿ ನಿದ್ರಿಸುತ್ತಿರುವಾಗ, ಅಲೌಕಿಕನಾದ ಒಬ್ಬ ವೃದ್ಧನು ಹೊಗೆಗೂಡಿನ ಮಾರ್ಗವಾಗಿ ಮನೆಗೆ ಇಳಿದು ಕಾಣಿಕೆಗಳನ್ನಿಟ್ಟು ಹೋಗುವನೆಂದು ಹಿರಿಯರು ಮಕ್ಕಳಿಗೆ ಹೇಳುತ್ತಾರೆ. ಹಾಲೆಂಡಿನಲ್ಲಿ ಆತನು ಸಿಂಟರ್‌ಕ್ಲಾಸ್; ಅಮೆರಿಕದಲ್ಲಿ ಸ್ಯಾಂಟಾ ಕ್ಲಾಸ್; ಫ್ರಾನ್ಸಿನಲ್ಲಿ ಪೇರ್ ನೊಯೆಲ್. ಮಕ್ಕಳು ಇದನ್ನು ಕೆಲವು ವರ್ಷಗಳ ಕಾಲ ನಂಬಿ, ಅನಂತರ ನಂಬದವರಾಗುತ್ತಾರೆ. ನಂಬಿಕೆಯು ಶಿಥಿಲವಾದರೆ ಆಚಾರವೂ ಕ್ರಮೇಣ ಲುಪ್ತವಾಗುವುದು ಸಾಮಾನ್ಯ. ಇಲ್ಲಿ ಹಾಗಲ್ಲ. ಈ ಆಚಾರವನ್ನು ನಡೆಯಿಸತಕ್ಕವರೆಲ್ಲರೂ ಅದನ್ನು ನಂಬದವರೇ. ತಲೆಮಾರು ತಲೆಮಾರಿಗೂ ಪ್ರತಿಯೊಬ್ಬರ ನಂಬಿಕೆಯೂ ಅಳಿಯುತ್ತದೆ. ಆದರೂ ಆಚಾರವು ಅಳಿಯದೆ ನಿಂತಿದೆ. ಈ ವೈಚಿತ್ರ್ಯಕ್ಕೆ ಕಾರಣವೇನು, ನಂಬಿಕೆ ಅಳಿಯುವ ಕಾಲದಲ್ಲಿ ಮಗುವಿಗೆ ನಿಜವಾಗಿ ಸಂಭವಿಸುವುದೇನು ಎಂಬುದನ್ನು ಚರಿತ್ರೆಯ ಆಧಾರಗಳಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಐತಿಹ್ಯದಲ್ಲಿಯೇ ಇರುವ ಗುಟ್ಟು

ಈ ಕಾಣಿಕೆಯ ವೃದ್ಧನ ಮೂಲಪುರುಷನು ನಿಕೊಲಾಸನೆಂಬ ಸಂತ. ಆತನು ಏಷ್ಯಾ ಮೈನರಿನ ಲಿಸಿಯಾ ಪ್ರಾಂತಕ್ಕೆ ಸೇರಿದ ಮೈರಾ ಪಟ್ಟಣದಲ್ಲಿ ಕ್ರಿ. ಶ. ೪ನೆಯ ಶತಮಾನದಲ್ಲಿ ಬಿಷಪ್ಪನಾಗಿದ್ದನೆಂದು ಸಂಪ್ರದಾಯವು ಹೇಳುತ್ತದೆ. ಆತನ ಅಸ್ಥಿಗಳನ್ನು ೧೦೮೭ರಲ್ಲಿ ಇಟಲಿಯ ಬಾರಿ ನಗರಕ್ಕೆ ಒಯ್ದ ಮೇಲೆ ಪಶ್ಚಿಮ ಯೂರೋಪಿನಲ್ಲಿ ಆತನ ಭಕ್ತಿಯು ವಿಶೇಷವಾಗಿ ಹಬ್ಬಿತು. ಡಿಸೆಂಬರ್ ೬ ಆತನ ಉತ್ಸವದ ದಿನ.

ಆತನ ಐತಿಹ್ಯಗಳಲ್ಲಿ ಬಹು ಪ್ರಸಿದ್ಧವಾದುದು ಮೂವರು ಕನ್ಯೆಯರ ಕಥೆ. ಒಬ್ಬ ಕುಲೀನನು ದಾರಿದ್ರ್ಯಕ್ಕೆ ಸಿಲುಕಿ, ತನ್ನ ಮೂವರು ಹೆಣ್ಣುಮಕ್ಕಳಿಗೆ ವರದಕ್ಷಿಣೆ ಕೊಡಲಾರದೆ, ಅವರನ್ನು ಹೀನವೃತ್ತಿಗೆ ದೂಡುವ ಸ್ಥಿತಿಗೆ ಬಂದಿದ್ದನು. ಇದನ್ನರಿತ ನಿಕೊಲಾಸನು ರಾತ್ರಿಯ ವೇಳೆ ಅವನ ಮನೆಯ ಕಿಟಕಿಯಿಂದ ಹೊನ್ನಿನ ಗಂಟನ್ನು ಒಳಗೆಸೆದು ಮರೆಯಾದನು. ಹೀಗೆ ಮತ್ತೆ ಮತ್ತೆ ನಡೆಯಲು, ಕೊಡುವವನಾರೆಂದು ತಿಳಿಯಬೇಕೆಂಬ ಹಂಬಲದಿಂದ ತಂದೆಯು ಎಚ್ಚರವಾಗಿದ್ದು ಕಾದನು. ಗಂಟು ಬಿದ್ದ ಸದ್ದಿಗೆ ಹೊರಗೋಡಿ ದಾನಿಯನ್ನು ಹಿಡಿದು ಗುರುತಿಸಿದನು. ಆಗ ನಿಕೊಲಾಸನು ತಾನು ಬದುಕಿರುವವರೆಗೂ ಈ ಸಂಗತಿಯನ್ನು ಯಾರಿಗೂ ಹೇಳಬಾರದೆಂದು ಅವನಿಗೆ ಕಟ್ಟುಮಾಡಿದನಂತೆ. ೧೩ನೆಯ ಶತಮಾನದಲ್ಲಿ ಜಾಕೋಬಸ್ ಡ ವೊರಾಜಿನೆ ಎಂಬಾತನು ಸಂಗ್ರಹಿಸಿದ ‘ಸುವರ್ಣ ಪುರಾಣ’ದ ಮೂಲಕ ಈ ಕಥೆಯು ಯೂರೋಪಿನಲ್ಲೆಲ್ಲ ಪ್ರಚಾರವಾಯಿತು.

ಕಥೆಯ ಎರಡು ಅಂಶಗಳು ಇಲ್ಲಿ ಗಮನಾರ್ಹವಾಗಿವೆ. ದಾನವು ಗುಪ್ತವಾಗಿದ್ದುದು ಪಡೆಯುವವರ ಮಾನವನ್ನು ಕಾಯುವುದಕ್ಕಾಗಿ. ಗುಪ್ತದಾನದ ಮಹಿಮೆಯನ್ನು ಬಲ್ಲ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೆಯದಾಗಿ, ಗುಟ್ಟು ಬಯಲಾಗುವುದೂ ಈ ಕಥೆಯ ಅಂಗವೇ ಆಗಿದೆ. ತಂದೆಯು ಕಂಡುಹಿಡಿಯುತ್ತಾನೆ, ಆದರೆ ಕಂಡುಹಿಡಿದ ಕ್ಷಣದಲ್ಲಿಯೇ ಗುಟ್ಟಿನ ಪಾಲುದಾರನಾಗುತ್ತಾನೆ. ಮುಂದೆ ಶತಮಾನಗಳ ಕಾಲ ಮಕ್ಕಳ ವಿಷಯದಲ್ಲಿ ನಡೆದು ಬಂದುದರ ಬೀಜವು ಇಲ್ಲಿಯೇ ಕಾಣುತ್ತದೆ.

೨. ಯಾನ್ ಸ್ಟೇನನ ಚಿತ್ರ

೧೬ನೆಯ ಶತಮಾನದ ಮತಸುಧಾರಣೆಯಿಂದ ಸಂತರ ಪೂಜೆಗೆ ಧಕ್ಕೆಯೊದಗಿತು. ಜರ್ಮನಿಯ ಪ್ರಾಟೆಸ್ಟಂಟರ ಮನೆಗಳಲ್ಲಿ ನಿಕೊಲಾಸನ ಬದಲು ಕ್ರಿಸ್ತಶಿಶುವು ಕಾಣಿಕೆ ತರುವನೆಂಬ ಮಾತು ರೂಢಿಗೆ ಬಂದಿತು. ಹಾಲೆಂಡಿನಲ್ಲಿ ೧೭ನೆಯ ಶತಮಾನದ ಕೆಲವು ನಗರಾಧಿಕಾರಿಗಳು ಈ ಉತ್ಸವಕ್ಕೆ ಸಂಬಂಧಿಸಿದ ಮಾರಾಟಗಳನ್ನು ನಿಷೇಧಿಸಿದರು. ಆದರೂ ಗೃಹಕೃತ್ಯವಾಗಿ ಅದು ಬಾಳಿತು. ಇದಕ್ಕೆ ಉತ್ತಮ ಸಾಕ್ಷಿ ಯಾನ್ ಸ್ಟೇನನೆಂಬ ಡಚ್ ಚಿತ್ರಕಾರನು ೧೬೬೫–೬೮ರ ಸುಮಾರಿನಲ್ಲಿ ಬರೆದ ‘ಸಂತ ನಿಕೊಲಾಸನ ಹಬ್ಬ’ ಎಂಬ ಚಿತ್ರ. ಅದು ಈಗ ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ.

ಚಿತ್ರದ ನಡುವೆ ಒಬ್ಬ ಚಿಕ್ಕ ಹುಡುಗಿಯು ತನಗೆ ಬಂದ ಗೊಂಬೆಯನ್ನು ಎದೆಗವಚಿಕೊಂಡಿದ್ದಾಳೆ. ತಾಯಿಯು ಕೈಚಾಚಿ ಕರೆದರೂ ಕೊಡಲೊಲ್ಲಳು. ಎಡಗಡೆ ಒಬ್ಬ ಹುಡುಗನು ಅಳುತ್ತಿದ್ದಾನೆ. ಅವನ ಪಾದರಕ್ಷೆಯಲ್ಲಿ ಸಿಕ್ಕಿದುದು ಸಿಹಿತಿಂಡಿಯಲ್ಲ, ಬೆತ್ತ. ಅವನ ತಮ್ಮನು ಅವನ ಕಡೆಗೆ ಬೆರಳು ಮಾಡಿ ನಗುತ್ತಾನೆ. ಹಿಂದುಗಡೆ ಅಜ್ಜಿಯು ಪರದೆಯ ಬಳಿ ನಿಂತು ಸನ್ನೆಮಾಡಿ ಕರೆಯುತ್ತಿದ್ದಾಳೆ. ಅಳುವ ಹುಡುಗನಿಗೂ ಅಲ್ಲಿ ಏನೋ ಅಡಗಿಸಿಟ್ಟಿರುವಂತೆ ತೋರುತ್ತದೆ. ಪ್ರಕೃತ ವಿಷಯಕ್ಕೆ ಮುಖ್ಯವಾದುದು ಬಲಗಡೆಯ ಗುಂಪು. ಅಲ್ಲಿ ಕೊಂಚ ದೊಡ್ಡವನಾದ ಒಬ್ಬ ಹುಡುಗನು ಎಳೆಯ ಕೂಸನ್ನು ಎತ್ತಿಕೊಂಡು ಹೊಗೆಗೂಡಿನ ಕಡೆಗೆ ಕೈತೋರಿಸುತ್ತಿದ್ದಾನೆ; ಪಕ್ಕದ ಮಗುವು ಬಾಯ್ದೆರೆದು ಮೇಲಕ್ಕೆ ನೋಡುತ್ತಿದೆ.

ಈ ದೊಡ್ಡ ಹುಡುಗನು ನಂಬುವವನೋ, ನಂಬದವನೋ? ಚಿತ್ರಕಾರನು ಹೇಳಿಲ್ಲ, ಆದರೆ ಅವನ ವಯಸ್ಸನ್ನೂ ಭಂಗಿಯನ್ನೂ ನೋಡಿದರೆ ಅವನು ಬಲ್ಲವನೆಂದೇ ಊಹಿಸಬೇಕಾಗುತ್ತದೆ. ಬಲ್ಲವನಾದುದರಿಂದಲೇ ಅವನು ಕಾಣಿಕೆಯ ಕಡೆಗೆ ನೋಡುತ್ತಿಲ್ಲ, ಕಿರಿಯರಿಗೆ ತೋರಿಸುತ್ತಿದ್ದಾನೆ. ಒಂದೇ ಕೋಣೆಯಲ್ಲಿ ಪಡೆಯುವವರು, ಸಂದೇಹಿಸುವವರು, ತೋರಿಸುವವರು, ಅಡಗಿಸಿಡುವವರು ಎಂಬ ನಾಲ್ಕು ಮೆಟ್ಟಿಲುಗಳನ್ನು ಈ ಚಿತ್ರದಲ್ಲಿ ಗುರುತಿಸಬಹುದು. ಹಾಲೆಂಡಿನಲ್ಲಿ ನಂಬಿಕೆಯನ್ನು ಬಿಟ್ಟವರೂ ಆ ದಿನ ಒಬ್ಬರಿಗೊಬ್ಬರು, ತಮ್ಮ ಹೆಸರನ್ನು ಮರೆಸಿ, ಸಂತನ ಹೆಸರಿನಲ್ಲಿ ಹಾಸ್ಯಪದ್ಯಗಳೊಡನೆ ಕಾಣಿಕೆಗಳನ್ನು ಕೊಡುವ ಪದ್ಧತಿಯುಂಟು. ಬಲ್ಲವರಿಗೂ ಹಬ್ಬದಲ್ಲಿ ಸ್ಥಾನವಿರುವುದೆಂಬುದಕ್ಕೆ ಇದು ನಿದರ್ಶನ.

೩. ನ್ಯೂಯಾರ್ಕಿನ ಪ್ರಶ್ನೆ

ಡಚ್ಚರು ನೆಲೆಸಿದ್ದ ನ್ಯೂಯಾರ್ಕಿನಲ್ಲಿ ೧೯ನೆಯ ಶತಮಾನದಲ್ಲಿ ಈ ಸಂತನು ಹೊಸ ವೇಷವನ್ನು ಧರಿಸಿದನು. ವಾಷಿಂಗ್ಟನ್ ಇರ್ವಿಂಗನು ೧೮೦೯ರಲ್ಲಿ ಪ್ರಕಟಿಸಿದ ನ್ಯೂಯಾರ್ಕಿನ ವಿನೋದ ಚರಿತ್ರೆ, ೧೮೨೩ರ ಡಿಸೆಂಬರ್ ೨೩ರಂದು ಟ್ರಾಯ್ ನಗರದ ‘ಸೆಂಟಿನೆಲ್’ ಪತ್ರಿಕೆಯಲ್ಲಿ ಕವಿಯ ಹೆಸರಿಲ್ಲದೆ ಬಂದ, ಸಾಮಾನ್ಯವಾಗಿ ಕ್ಲೆಮೆಂಟ್ ಮೂರನದೆಂದು ಹೇಳುವ ಕವಿತೆ, ೧೮೬೩ರಿಂದ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಥಾಮಸ್ ನ್ಯಾಸ್ಟನು ಬರೆದ ಚಿತ್ರಗಳು, ಇವುಗಳಿಂದ ಆತನ ಇಂದಿನ ರೂಪವು ಸ್ಥಿರವಾಯಿತು. ಮೇಲ್ಕಂಡ ಕವಿತೆಯಲ್ಲಿ ಮಕ್ಕಳು ಮಲಗಿರುತ್ತಾರೆ. ಸಂತನನ್ನು ಕಣ್ಣಾರೆ ಕಂಡವನು ಮನೆಯ ಯಜಮಾನನೇ ಎಂಬುದು ಸ್ವಾರಸ್ಯದ ಸಂಗತಿ.

೧೮೯೭ರಲ್ಲಿ ಆ ನಗರದ ವರ್ಜೀನಿಯಾ ಓಹ್ಯಾನ್ಲನ್ ಎಂಬ ೮ ವರ್ಷದ ಬಾಲಕಿಯು ಸ್ಯಾಂಟಾ ಕ್ಲಾಸನು ಇಲ್ಲವೆಂದು ತನ್ನ ಗೆಳೆಯರು ಹೇಳುವರೆಂದೂ, ನಿಜವನ್ನು ತಿಳಿಸಬೇಕೆಂದೂ ‘ದಿ ಸನ್’ ಪತ್ರಿಕೆಗೆ ಕಾಗದ ಬರೆದಳು. ಸೆಪ್ಟೆಂಬರ್ ೨೧ರಂದು ಆ ಪತ್ರಿಕೆಯು ಸಂಪಾದಕೀಯದಲ್ಲಿ ಉತ್ತರ ಕೊಟ್ಟಿತು. ಬರೆದವನು ಫ್ರಾನ್ಸಿಸ್ ಫಾರ್ಸೆಲಸ್ ಚರ್ಚ್. ಈ ಸಂಗತಿಯು ಬಹಿರಂಗವಾದುದು ೧೯೦೬ರಲ್ಲಿ ಆತನು ತೀರಿಕೊಂಡ ಮೇಲೆ. ಸ್ಯಾಂಟಾ ಕ್ಲಾಸನು ಇರುವನೆಂದೇ ಅವನ ಉತ್ತರ. ಆದರೆ ಹೊಗೆಗೂಡಿನ ವಿಚಾರದಲ್ಲಿ ಅವನು ಸಾಕ್ಷ್ಯ ಕೊಡಲು ಹೋಗಲಿಲ್ಲ. ಪ್ರೀತಿ ಔದಾರ್ಯಗಳು ಹೇಗೆ ಇರುವವೋ ಹಾಗೆ ಆತನೂ ಇರುವನೆಂಬುದು ಅವನ ವಾದದ ಸಾರ. ಎಂದರೆ ‘ಇರುವುದು’ ಎಂಬ ಮಾತಿನ ಅರ್ಥವನ್ನೇ ಅವನು ಸರಿಸಿದನು.

ಇದು ವಾಕ್ಛಲವೆಂದು ಕೆಲವರು ಆಕ್ಷೇಪಿಸಬಹುದು. ನಮ್ಮ ಆಲಂಕಾರಿಕರ ಒಂದು ಮಾತು ಇಲ್ಲಿ ಸಹಾಯಕ್ಕೆ ಬರುತ್ತದೆ. ನಟನಲ್ಲಿ ರಾಮನನ್ನು ಕಾಣುವ ಪ್ರೇಕ್ಷಕನ ಜ್ಞಾನವು ಸಮ್ಯಕ್, ಮಿಥ್ಯಾ, ಸಂಶಯ, ಸಾದೃಶ್ಯ ಎಂಬ ನಾಲ್ಕು ಬಗೆಗಳಿಗೂ ಸೇರದೆಂದು ಶ್ರೀಶಂಕುಕನು ಚಿತ್ರತುರಗನ್ಯಾಯದಿಂದ ಪ್ರತಿಪಾದಿಸಿದನು. ಚಿತ್ರದ ಕುದುರೆಯನ್ನು ನೋಡಿ ‘ಇದು ಕುದುರೆ’ ಎನ್ನುವವನು ಸುಳ್ಳನ್ನೂ ಹೇಳುವುದಿಲ್ಲ, ಮೋಸವನ್ನೂ ಹೋಗಿಲ್ಲ. ಎಳೆಯ ಮಗುವಿಗೆ ಸ್ಯಾಂಟಾ ಕ್ಲಾಸನು ಸಾಕ್ಷಾತ್ ಕುದುರೆ. ಬಲ್ಲವನಿಗೆ ಚಿತ್ರದ ಕುದುರೆ. ಎಂಟು ವರ್ಷದ ವರ್ಜೀನಿಯಾ ಇವೆರಡರ ನಡುವಣ ಹೊಸ್ತಿಲಿನಲ್ಲಿ ನಿಂತಿದ್ದಳು. ಆಕೆಯ ಮುಂದಿನ ಬಾಳೂ ಉಲ್ಲೇಖಾರ್ಹವಾಗಿದೆ. ಆಕೆ ನ್ಯೂಯಾರ್ಕಿನಲ್ಲಿ ಉಪಾಧ್ಯಾಯಿನಿಯಾಗಿ ದೀರ್ಘಕಾಲ ಸೇವೆಮಾಡಿ ೧೯೭೧ರಲ್ಲಿ ತೀರಿಕೊಂಡರು. ಜೀವಮಾನವೆಲ್ಲ ತಮಗೆ ಬರುತ್ತಿದ್ದ ಕಾಗದಗಳಿಗೆ ಉತ್ತರ ಬರೆಯುವಾಗ ಆ ಸಂಪಾದಕೀಯದ ಪ್ರತಿಯನ್ನೂ ಅವರು ಕಳುಹಿಸುತ್ತಿದ್ದರು. ಕೇಳಿದವಳೇ ಕೊಡುವವಳಾದಳು.

೪. ಶಾಸ್ತ್ರಜ್ಞರ ಪರೀಕ್ಷೆ

ಮಕ್ಕಳನ್ನೇ ಕೇಳಿ ತಿಳಿಯುವ ಪ್ರಯತ್ನವು ಅದೇ ಕಾಲದಲ್ಲಿ ಆರಂಭವಾಯಿತು. ೧೮೯೬ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಮಕ್ಕಳನ್ನು ಈ ವಿಷಯವಾಗಿ ಪ್ರಶ್ನಿಸಿ ಉತ್ತರಗಳನ್ನು ಸಂಗ್ರಹಿಸಲಾಯಿತು. ೧೯೭೯ರಲ್ಲಿ ಅಂಥದೇ ಪರೀಕ್ಷೆಯನ್ನು ಮತ್ತೆ ನಡೆಸಲಾಯಿತು. ನಂಬಿಕೆಯನ್ನು ಬಿಡುವ ವಯಸ್ಸು ಎರಡು ಕಾಲದಲ್ಲಿಯೂ ಸುಮಾರು ಆರು ವರ್ಷವೇ ಆಗಿತ್ತು. ಆದರೆ ನಿಜ ತಿಳಿದಾಗ ನಿರಾಶೆಯಾಯಿತೆಂದವರು ಮೊದಲನೆಯ ಸಲ ನೂರಕ್ಕೆ ೨೨ ಮಂದಿ. ಎರಡನೆಯ ಸಲ ೩೯ ಮಂದಿ. ಈ ನಡುವೆ ಅಂಗಡಿಗಳ ಮತ್ತು ಪ್ರಚಾರದ ಬಲದಿಂದ ಹಬ್ಬದ ಆಡಂಬರವು ಬೆಳೆದಿತ್ತು. ಏರಿಸಿದ ಎತ್ತರಕ್ಕೆ ತಕ್ಕಂತೆ ಇಳಿಯುವ ನೋವೂ ಹೆಚ್ಚಿತೆಂದು ಊಹಿಸಬಹುದಾಗಿದೆ.

೧೯೭೮ರಲ್ಲಿ ಪ್ರೆಂಟಿಸ್ ಮೊದಲಾದವರು ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ ೮೫, ಆರು ವರ್ಷದವರಲ್ಲಿ ೬೫, ಎಂಟು ವರ್ಷದವರಲ್ಲಿ ೨೫ ಮಂದಿ ನಂಬುವವರೆಂದು ತಿಳಿದುಬಂದಿತು. ಇದರಿಂದ ವ್ಯಕ್ತವಾಗುವುದೇನೆಂದರೆ, ನಂಬಿಕೆಯು ಹೊರಗಿನವರ ಒಂದು ಮಾತಿನಿಂದ ಮುರಿಯುವ ಗಾಜಲ್ಲ; ಬುದ್ಧಿಯ ಬೆಳವಣಿಗೆಯೊಡನೆ ತಾನಾಗಿ ಉದುರುವ ಹಾಲುಹಲ್ಲು. ೧೯೯೪ರಲ್ಲಿ ಆಂಡರ್ಸನ್ ಮತ್ತು ಪ್ರೆಂಟಿಸ್ ಎಂಬವರು ನಂಬಿಕೆಯನ್ನು ಬಿಟ್ಟಿದ್ದ ೫೨ ಮಂದಿ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ವಿಚಾರಿಸಿದರು. ಬಹುಮಂದಿ ಮಕ್ಕಳು ಏಳು ವರ್ಷದ ಸುಮಾರಿನಲ್ಲಿ ತಾವಾಗಿಯೇ ನಿಜವನ್ನು ಕಂಡುಕೊಂಡಿದ್ದರು. ಅವರ ಭಾವನೆಗಳು ಹೆಚ್ಚಾಗಿ ಅನುಕೂಲವಾಗಿಯೇ ಇದ್ದುವು. ದುಃಖಪಟ್ಟವರು ಮುಖ್ಯವಾಗಿ ತಂದೆತಾಯಿಗಳು. ಮಗುವು ಒಂದು ಮೆಟ್ಟಿಲು ಮೇಲೇರಿದಾಗ, ತಮ್ಮ ಕೈಯಲ್ಲಿದ್ದ ಶೈಶವವು ಜಾರಿತೆಂದು ಹಿರಿಯರು ಮರುಗಿದರು.

ಆದರೂ ವಿರೋಧಪಕ್ಷವನ್ನು ಕಡೆಗಣಿಸಲಾಗದು. ಕೆನಡಾದ ಮನೋವೈದ್ಯ ಬ್ರಾಕ್ ಚಿಸ್‌ಹೋಮ್ ೧೯೪೫ರಲ್ಲಿ, ಇಂಥ ಕಥೆಗಳನ್ನು ನಿಜವೆಂದು ಹೇಳುವುದರಿಂದ ಮಕ್ಕಳ ವಿಚಾರಶಕ್ತಿಗೆ ಹಾನಿಯೆಂದು ಸಾರಿದಾಗ ದೇಶದಲ್ಲಿ ದೊಡ್ಡ ಕೋಲಾಹಲವೆದ್ದಿತು. ಮೂರು ವರ್ಷಗಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಥಮ ಮಹಾನಿರ್ದೇಶಕರಾದವರು ಇವರೇ. ಎರಡನೆಯ ಮಹಾಯುದ್ಧವು ಮುಗಿದ ವರ್ಷದಲ್ಲಿ, ಹಿರಿಯರ ಮಾತನ್ನು ಪ್ರಶ್ನಿಸದೆ ನಂಬುವ ಜನರಿಂದ ಜಗತ್ತಿಗೆ ಒದಗಿದ ವಿಪತ್ತನ್ನು ಕಂಡವರ ಮಾತಿದು, ಲಘುವಾಗಿ ತಳ್ಳತಕ್ಕದ್ದಲ್ಲ. ಆದರೆ ಒಂದು ಸಂಗತಿಯನ್ನು ಇದರೊಡನೆ ಎಣಿಸಬೇಕು. ಒಂದೇ ರಾತ್ರಿಯಲ್ಲಿ ಎಲ್ಲ ಮನೆಗಳಿಗೂ ಹೋಗುವುದು ಹೇಗೆ, ಹೊಗೆಗೂಡಿಲ್ಲದ ಮನೆಗೆ ಬರುವುದು ಹೇಗೆ, ಕಾಣಿಕೆಯ ಮೇಲಣ ಬರಹವು ತಾಯಿಯ ಬರಹದಂತಿರುವುದೇಕೆ ಎಂದು ಶಂಕಿಸಿ, ಸಾಕ್ಷ್ಯಗಳನ್ನು ಕೂಡಿಸಿ, ಹಿರಿಯರ ಮಾತಿಗೆ ವಿರುದ್ಧವಾದ ಸಿದ್ಧಾಂತಕ್ಕೆ ಮಗುವು ತಾನಾಗಿ ಬರುವ ಮೊದಲ ಸಂದರ್ಭಗಳಲ್ಲಿ ಇದೂ ಒಂದು. ವಿಚಾರಶಕ್ತಿಗೆ ಇದು ಹಾನಿಯಾದಂತೆ ಅಭ್ಯಾಸವೂ ಆಗಬಹುದು. ಯಾವುದಾಗುವುದೆಂಬುದು, ಶಂಕಿಸಿದ ಮಗುವನ್ನು ಹಿರಿಯರು ಹೇಗೆ ಬರಮಾಡಿಕೊಳ್ಳುವರೆಂಬುದನ್ನು ಅವಲಂಬಿಸಿದೆ.

೫. ಡಿಜಾನ್ ಮತ್ತು ಹೋಪಿ

೧೯೫೧ರ ಡಿಸೆಂಬರ್ ೨೩ರಂದು ಫ್ರಾನ್ಸಿನ ಡಿಜಾನ್ ನಗರದಲ್ಲಿ, ಕ್ರಿಸ್ತಜಯಂತಿಯನ್ನು ಅನ್ಯಮತೀಯವಾಗಿ ಮಾಡುವನೆಂಬ ಅಪರಾಧಕ್ಕಾಗಿ, ಪೇರ್ ನೊಯೆಲನ ಪ್ರತಿಕೃತಿಯನ್ನು ಪಾದ್ರಿಗಳ ಸಮ್ಮತಿಯೊಡನೆ ಪ್ರಧಾನ ದೇವಾಲಯದ ಮುಂದೆ ಮಕ್ಕಳೆದುರಿಗೆ ಸುಡಲಾಯಿತು. ಮರುದಿನ ಸಂಜೆ ನಗರಸಭೆಯ ಕಟ್ಟಡದ ಮೇಲೆ ಆತನು ಮತ್ತೆ ಕಾಣಿಸಿಕೊಂಡನು! ಇದನ್ನು ನಿಮಿತ್ತಮಾಡಿಕೊಂಡು ಮಾನವಶಾಸ್ತ್ರಜ್ಞ ಕ್ಲೋದ್ ಲೆವಿಸ್ತ್ರಾಸನು ೧೯೫೨ರಲ್ಲಿ ಬರೆದ ಪ್ರಬಂಧವು ಈ ವಿಷಯಕ್ಕೆ ಹೊಸ ಬೆಳಕನ್ನು ಬೀರಿತು. ಬಲ್ಲವರನ್ನೂ ಅರಿಯದವರನ್ನೂ ಬೇರ್ಪಡಿಸುವ ದೀಕ್ಷಾವಿಧಿಯ ವರ್ಗಕ್ಕೆ ಈ ಆಚಾರವು ಸೇರಿದುದೆಂದು ತೋರಿಸಿ, ಅವನು ಅಮೆರಿಕದ ನೈಋತ್ಯ ಭಾಗದ ಪ್ಯೂಬ್ಲೊ ಜನರ ಕಚೀನಗಳನ್ನು ಹೋಲಿಕೆಗೆ ತಂದನು.

ಪ್ಯೂಬ್ಲೊ ಜನರಲ್ಲಿ ಸೇರಿದ ಹೋಪಿಗಳು ಅರಿಜೋನಾದಲ್ಲಿ ವಾಸಿಸುವವರು. ಅವರ ಹಬ್ಬಗಳಲ್ಲಿ ಮುಖವಾಡ ಧರಿಸಿದ ಕಚೀನ ದೇವತೆಗಳು ಊರಿಗೆ ಬಂದು ಮಕ್ಕಳಿಗೆ ಗೊಂಬೆಗಳನ್ನೂ ಬಿಲ್ಲುಬಾಣಗಳನ್ನೂ ಕೊಡುತ್ತಾರೆ. ತಪ್ಪು ಮಾಡಿದವರನ್ನು ಹೆದರಿಸುವ ಕಚೀನಗಳೂ ಉಂಟು. ಮಕ್ಕಳಿಗೆ ದೀಕ್ಷೆಯಾದಾಗ, ಮುಖವಾಡದೊಳಗೆ ತಮ್ಮ ಬಂಧುಗಳೇ ಇರುವರೆಂದು ತಿಳಿಯುತ್ತದೆ. ಡಾನ್ ತಲಯೇಸ್ವನೆಂಬ ಹೋಪಿಯು ೧೯೪೨ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ, ಆ ದಿನ ತನ್ನ ಬಂಧುಗಳ ಮುಖಗಳನ್ನು ಕಂಡು ತನಗಾದ ದುಃಖವನ್ನೂ ಕೋಪವನ್ನೂ ಹೇಳಿಕೊಂಡಿದ್ದಾನೆ. ಆದರೆ ಹೋಪಿಗಳಲ್ಲಿ ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ಕಿರಿಯರಿಗೆ ಗುಟ್ಟನ್ನು ಹೇಳಬಾರದೆಂಬ ಕಟ್ಟಳೆಯು ದೀಕ್ಷಿತನ ಮೇಲೆ ಬೀಳುತ್ತದೆ. ಮುಂದೆ ಮುಖವಾಡವನ್ನು ಧರಿಸುವ ಅಧಿಕಾರವೂ ಗಂಡುಮಕ್ಕಳಿಗೆ ದೊರೆಯುತ್ತದೆ. ಧರಿಸಿದವನಲ್ಲಿ ದೇವತೆಯ ಸಾನ್ನಿಧ್ಯವುಂಟೆಂಬ ಗಾಢತರವಾದ ಅರ್ಥವೂ ಆಗ ತಿಳಿಯುತ್ತದೆ. ಮೈರಾ ಪಟ್ಟಣದ ಐತಿಹ್ಯದಲ್ಲಿ ತಂದೆಗೆ ಬಿದ್ದ ಕಟ್ಟಿಗೂ ಹೋಪಿ ಬಾಲಕನಿಗೆ ಬಿದ್ದ ಕಟ್ಟಿಗೂ ಚರಿತ್ರೆಯಲ್ಲಿ ಸಂಬಂಧವಿಲ್ಲ. ತತ್ತ್ವದಲ್ಲಿ ಮಾತ್ರ ಎರಡೂ ಒಂದೇ.

೬. ಉಪಸಂಹಾರ

ಮೇಲಣ ಆಧಾರಗಳಿಂದ ಒಂದು ನಿರ್ಣಯಕ್ಕೆ ಬರಬಹುದು. ಮಗುವು ಕಾಣಿಕೆಯ ವೃದ್ಧನನ್ನು ನಂಬದಾಗುವುದು ಕೇವಲ ಒಂದು ನಂಬಿಕೆಯ ನಾಶವಲ್ಲ. ಪಡೆಯುವವರ ಪಂಕ್ತಿಯಿಂದೆದ್ದು ಬಡಿಸುವವರ ಜೊತೆಗೆ ಸೇರುವುದು. ಪ್ರತಿಯೊಬ್ಬರ ನಂಬಿಕೆಯೂ ಅಳಿದು ಆಚಾರವು ಉಳಿದಿರುವುದಕ್ಕೆ ಇದೇ ಕಾರಣ. ನಂಬಿಕೆಯನ್ನು ಬಿಟ್ಟವರೇ ಅದರ ಆಧಾರಸ್ತಂಭಗಳಾಗುತ್ತಾರೆ.

ಆದರೆ ಈ ದಾಟುವಿಕೆಯು ಎಲ್ಲೆಡೆಯೂ ಒಂದೇ ವಿಧವಾಗಿ ನಡೆಯದು. ಹೋಪಿಗಳಲ್ಲಿ ಅದಕ್ಕೆ ವಿಧಿಯಿದೆ, ಮುಹೂರ್ತವಿದೆ, ಹೊಸ ಅಧಿಕಾರವಿದೆ. ಸ್ಟೇನನ ಚಿತ್ರದಲ್ಲಿ ವಿಧಿಯಿಲ್ಲದಿದ್ದರೂ ಎತ್ತಿಕೊಳ್ಳುವುದಕ್ಕೆ ಒಂದು ಕೂಸಿದೆ. ಇಂದಿನ ನಗರಗಳ ಮನೆಯಲ್ಲಿ ಅನೇಕ ವೇಳೆ ಮಗುವು ಒಂಟಿಯಾಗಿಯೇ ಹೊಸ್ತಿಲನ್ನು ದಾಟುತ್ತದೆ. ತಾನು ಬಲ್ಲೆನೆಂದು ಹೇಳಿದರೆ ಕಾಣಿಕೆಯು ನಿಲ್ಲುವುದೆಂದೋ ತಾಯಿಯು ನೊಂದಾಳೆಂದೋ ಅಂಜಿ, ನಂಬಿದಂತೆ ನಟಿಸುವ ಮಕ್ಕಳೂ ಉಂಟು. ಆಗ ಮೋಸಹೋದವರು ಯಾರು, ಮಕ್ಕಳೋ ಹಿರಿಯರೋ ಎಂದು ಹೇಳುವುದು ಕಷ್ಟ. ನಿಜವನ್ನು ಕಂಡ ಮಗುವಿಗೆ ಮಾಡಬೇಕಾದ ಉಪಚಾರವೇನೆಂಬುದಕ್ಕೆ ಆಚಾರದ ಚರಿತ್ರೆಯಲ್ಲಿಯೇ ಉತ್ತರವಿದೆ. ಅದನ್ನು ಮತ್ತೆ ನಂಬಿಸುವುದೂ ಅಲ್ಲ, ಹಾಸ್ಯಮಾಡುವುದೂ ಅಲ್ಲ. ಮುಂದಿನ ಗಂಟನ್ನು ಅದರ ಕೈಗೇ ಕೊಟ್ಟು, ಸದ್ದಿಲ್ಲದೆ ಕಿಟಕಿಯ ಬಳಿಗೆ ಕಳುಹಿಸುವುದು.