ಕ್ವಾರ್ಟರ್ ಬಾಟಲಿಯ ಅಳತೆ: ಹದಿಹರೆಯದ ಮೊದಲ ಕುಡಿತ ಮತ್ತು ಮದ್ಯವ್ಯಸನದ ಅಪಾಯ

ಚಿಕ್ಕ ವಯಸ್ಸಿನಲ್ಲೇ ಕುಡಿಯಲು ತೊಡಗಿದವರು ಮುಂದೆ ಮದ್ಯವ್ಯಸನಿಗಳಾಗುವ ಸಂಭವ ಹೆಚ್ಚು ಎನ್ನುವಾಗ ವಿದ್ವಾಂಸರು ಸಾಮಾನ್ಯವಾಗಿ ಆಧರಿಸುವುದು ಬ್ರಿಜೆಟ್ ಗ್ರಾಂಟ್ ಮತ್ತು ಡೆಬೊರಾ ಡಾಸನ್ 1997ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವನ್ನು. ಕುಡಿಯುವ ಅಥವಾ ಹಿಂದೆ ಕುಡಿಯುತ್ತಿದ್ದ 27,616 ಜನರ ಮಾಹಿತಿಯನ್ನು ಅವರು ಪರಿಶೀಲಿಸಿದರು. ಹದಿನೈದು ತುಂಬುವ ಮೊದಲೇ ಶುರು ಮಾಡಿದವರಲ್ಲಿ ಸುಮಾರು ಶೇ. 40 ಮಂದಿ ಜೀವನದ ಒಂದಲ್ಲ ಒಂದು ಹಂತದಲ್ಲಿ ಮದ್ಯಕ್ಕೆ ಅಂಟಿಕೊಂಡಿದ್ದರು. ಇಪ್ಪತ್ತರ ನಂತರ ಶುರು ಮಾಡಿದವರಲ್ಲಿ ಈ ಪ್ರಮಾಣ ಶೇ. 10ರ ಆಸುಪಾಸು. ಎರಡೇ ವರ್ಷದಲ್ಲಿ, 1999ರಲ್ಲಿ, ಕ್ಯಾರಲ್ ಪ್ರೆಸ್ಕಾಟ್ ಮತ್ತು ಕೆನೆತ್ ಕೆಂಡ್ಲರ್ ವರ್ಜೀನಿಯಾದ ಅವಳಿಗಳನ್ನು ಹೋಲಿಸಿ ಇದಕ್ಕೆ ತಕರಾರು ಎತ್ತಿದರು. ಬೇಗ ಕುಡಿಯುವುದಕ್ಕೂ ವ್ಯಸನಕ್ಕೂ ಬೇರು ಒಂದೇ, ಅದು ವಂಶದಲ್ಲೂ ಮನೆಯ ವಾತಾವರಣದಲ್ಲೂ ಇದೆ; ಆದ್ದರಿಂದ ಮೊದಲ ಕುಡಿತದ ವಯಸ್ಸು ಅಪಾಯದ ಗುರುತೇ ಹೊರತು ಕಾರಣವಲ್ಲ ಎಂಬುದು ಅವರ ನಿಲುವು.

ಈ ವಾದ ಇನ್ನೂ ಬಗೆಹರಿದಿಲ್ಲ. ಇದನ್ನು ನಮ್ಮ ನೆಲಕ್ಕೆ ತರುವ ಮುನ್ನ ಕೇಳಬೇಕಾದ ಪ್ರಶ್ನೆಯೊಂದಿದೆ. ಮೊದಲ ಕುಡಿತದ ವಯಸ್ಸು ಒಂದು ಸಂಗತಿ, ಒಂದೇ ಕೂರಿಕೆಯಲ್ಲಿ ಮಿತಿಮೀರಿ ಕುಡಿಯುವುದು ಇನ್ನೊಂದು ಸಂಗತಿ ಎಂದು ಪಾಶ್ಚಾತ್ಯ ಅಧ್ಯಯನಗಳು ಎರಡನ್ನೂ ಬಿಡಿಬಿಡಿಯಾಗಿ ಅಳೆಯುತ್ತವೆ. ಮನೆಯ ಊಟದ ಮೇಜಿನಲ್ಲಿ ಅರ್ಧ ಲೋಟ ವೈನ್ ರುಚಿ ನೋಡಿ ವರ್ಷಗಳ ನಂತರ ಅತಿಕುಡಿತಕ್ಕೆ ಇಳಿಯುವ ಹುಡುಗರಿರುವ ಸಮಾಜದಲ್ಲಿ ಈ ವಿಂಗಡಣೆ ಸರಿಯೇ. ಆದರೆ ಕರ್ನಾಟಕದ ಹುಡುಗನ ಮೊದಲ ಕುಡಿತವೇ ಅತಿಕುಡಿತವಾಗಿರುವ ಸಾಧ್ಯತೆ ಹೆಚ್ಚು. ಇದಕ್ಕೆ ಬಹುಪಾಲು ಕಾರಣ ನಮ್ಮಲ್ಲಿ ಮದ್ಯ ಮಾರಾಟವಾಗುವ ಅಳತೆ ಎಂಬುದು ಈ ಲೇಖನದ ವಾದ.

ಲೆಕ್ಕ ಸರಳವಾಗಿದೆ. ಒಂದು ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಶುದ್ಧ ಆಲ್ಕೋಹಾಲ್ ಸೇವಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಅತಿಕುಡಿತ ಎಂದು ಪರಿಗಣಿಸುತ್ತದೆ. ನಮ್ಮ ವಿಸ್ಕಿ, ರಮ್, ಬ್ರಾಂಡಿಗಳಲ್ಲಿ ಆಲ್ಕೋಹಾಲ್ ಪ್ರಮಾಣ ಸಾಮಾನ್ಯವಾಗಿ ಶೇ. 42.8. ಕ್ವಾರ್ಟರ್ ಎಂದರೆ 180 ಮಿ.ಲೀ. ಅದರಲ್ಲಿರುವ ಶುದ್ಧ ಆಲ್ಕೋಹಾಲ್ 77 ಮಿ.ಲೀ., ತೂಕದಲ್ಲಿ ಸುಮಾರು 61 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಅತಿಕುಡಿತದ ಗೆರೆಯೂ ನಮ್ಮ ಕ್ವಾರ್ಟರ್ ಬಾಟಲಿಯೂ ಹೆಚ್ಚುಕಡಿಮೆ ಒಂದೇ. ಶೇ. 8ರ ಸ್ಟ್ರಾಂಗ್ ಬಿಯರ್ ಆದರೆ 650 ಮಿ.ಲೀ. ಬಾಟಲಿಯೊಂದರಲ್ಲಿ 41 ಗ್ರಾಂ. ಒಂದೂವರೆ ಬಾಟಲಿಗೆ ಗೆರೆ ದಾಟುತ್ತದೆ. ನೈಂಟಿ ಎಂದು ಕರೆಯುವ 90 ಮಿ.ಲೀ. ಟೆಟ್ರಾ ಪ್ಯಾಕ್ ಎರಡಾದರೆ ಮತ್ತೆ ಅದೇ ಕ್ವಾರ್ಟರ್.

50 ಕೆ.ಜಿ. ತೂಗುವ ಹದಿನೇಳರ ಹುಡುಗ ಒಂದು ಗಂಟೆಯೊಳಗೆ ಕ್ವಾರ್ಟರ್ ಮುಗಿಸಿದನೆಂದುಕೊಳ್ಳಿ. ಅವನ 100 ಮಿ.ಲೀ. ರಕ್ತದಲ್ಲಿ 160 ಮಿ.ಗ್ರಾಂ ಸುತ್ತಮುತ್ತ ಆಲ್ಕೋಹಾಲ್ ಸೇರುತ್ತದೆ. ಅಮೆರಿಕದ ರಾಷ್ಟ್ರೀಯ ಮದ್ಯ ಸಂಶೋಧನಾ ಸಂಸ್ಥೆ 2004ರಲ್ಲಿ ಅತಿಕುಡಿತಕ್ಕೆ ಹಾಕಿದ ಗೆರೆ 80 ಮಿ.ಗ್ರಾಂ. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕನಿಗೆ ಹಾಕಿರುವ ಗೆರೆ 30. ಅಷ್ಟೇ ತೂಕದ ಹುಡುಗಿಯಲ್ಲಿ ಈ ಅಂಕಿ ಇನ್ನೂ ಮೇಲೇರುತ್ತದೆ.

ಹಂಚಿಕೊಂಡು ಕುಡಿಯುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಹಂಚಿಕೊಳ್ಳುತ್ತಾರೆ, ನಿಜ. ಇಬ್ಬರು ಒಂದು ಕ್ವಾರ್ಟರನ್ನು ಸಮನಾಗಿ ಹಂಚಿಕೊಂಡರೆ ತಲೆಗೆ 30 ಗ್ರಾಂ. ಆದರೆ ಕುಡಿಯುವ ಸಂದರ್ಭವನ್ನೂ ನೋಡಬೇಕು. ಪರೀಕ್ಷೆ ಮುಗಿದ ಸಂಜೆ ನಾಲ್ವರು ದುಡ್ಡು ಒಟ್ಟು ಹಾಕಿ, ದೊಡ್ಡವನಂತೆ ಕಾಣುವ ಒಬ್ಬನನ್ನು ಅಂಗಡಿಗೆ ಕಳಿಸುತ್ತಾರೆ. ಸಿಎಲ್-2 ಪರವಾನಗಿಯ ಅಂಗಡಿ ಮಾರುವುದು ಸೀಲು ಒಡೆಯದ ಬಾಟಲಿಯನ್ನು. ಬಾರಿನಲ್ಲಿ ಸಿಗುವಂತೆ ಅಲ್ಲಿ 30 ಮಿ.ಲೀ. ಪೆಗ್ ಸಿಗುವುದಿಲ್ಲ. ಕೆರೆ ಏರಿಯ ಮೇಲೋ ಕಟ್ಟುತ್ತಿರುವ ಮನೆಯೊಳಗೋ ಕೂತು, ತಂಪು ಪಾನೀಯದ ಬಾಟಲಿಯಲ್ಲೇ ಬೆರೆಸಿ, ಕತ್ತಲಾಗುವ ಮೊದಲು ಮುಗಿಸಬೇಕು. ಉಳಿದ ಬಾಟಲಿಯನ್ನು ಮನೆಗೆ ಒಯ್ಯುವಂತಿಲ್ಲ, ಹಾಸ್ಟೆಲಿನಲ್ಲಿ ಇಡುವಂತಿಲ್ಲ. ನೆಂಚಿಕೊಳ್ಳಲು ಚಿಪ್ಸ್ ಬಿಟ್ಟರೆ ಬೇರೇನೂ ಇರುವುದಿಲ್ಲ, ಹೊಟ್ಟೆ ಖಾಲಿ. ಕದ್ದು ಕುಡಿಯುವುದು ಎಂದರೆ ಅವಸರದಲ್ಲಿ, ಪೂರ್ತಿ ಕುಡಿಯುವುದು ಎಂದೇ ಅರ್ಥ. ‘ಟೈಟ್ ಆಗೋದು’ ಈ ಕೂಟದ ಉದ್ದೇಶವೇ ಆಗಿರುತ್ತದೆ.

ಈ ವಯಸ್ಸಿನ ದೇಹ ಅವರನ್ನು ತಡೆಯುವುದೂ ಇಲ್ಲ. ಲಿಂಡಾ ಸ್ಪಿಯರ್ ಮತ್ತು ಸಂಗಡಿಗರು ಇಲಿಗಳ ಮೇಲೆ ದೀರ್ಘಕಾಲ ನಡೆಸಿದ ಪ್ರಯೋಗಗಳು ಇಲ್ಲಿ ಬಹಳ ಮುಖ್ಯ. ಹರೆಯದ ಇಲಿಗಳಿಗೆ ಆಲ್ಕೋಹಾಲಿನಿಂದ ಬರುವ ತೂಕಡಿಕೆಯೂ ತೂರಾಟವೂ ಬೆಳೆದ ಇಲಿಗಳಿಗಿಂತ ಕಡಿಮೆ. ಸಂಗಾತಿಗಳೊಡನೆ ಬೆರೆಯುವ ಹುರುಪು ಮಾತ್ರ ಹೆಚ್ಚು. ಸಾಕು ಎಂದು ದೇಹ ಹೇಳುವ ಸೂಚನೆ ದುರ್ಬಲ, ಇನ್ನಷ್ಟು ಬೇಕು ಎನಿಸುವ ಸೂಚನೆ ಪ್ರಬಲ. ಅದೇ ಹೊತ್ತಿಗೆ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಹೆಚ್ಚು ಪೆಟ್ಟು ತಿನ್ನುತ್ತದೆ. ಆವೇಗಕ್ಕೆ ಲಗಾಮು ಹಾಕುವ ಮುಂಮೆದುಳು ಇಪ್ಪತ್ತರ ನಡುವಿನವರೆಗೂ ಬಲಿಯುತ್ತಲೇ ಇರುತ್ತದೆ. ಇಲಿಯಿಂದ ಮನುಷ್ಯನಿಗೆ ನೇರ ಜಿಗಿತ ಸಲ್ಲದು, ಆದರೂ ಮಾರ್ಕ್ ಶುಕಿಟ್ ಅವರ ಅಧ್ಯಯನ ಇದೇ ದಿಕ್ಕಿಗೆ ಬೆರಳು ತೋರುತ್ತದೆ. ಮದ್ಯವ್ಯಸನಿ ತಂದೆಯರ ಗಂಡುಮಕ್ಕಳನ್ನು ಇಪ್ಪತ್ತರ ಹರೆಯದಿಂದ ಹಿಂಬಾಲಿಸಿ ಅವರು 1994ರಲ್ಲಿ ಫಲಿತಾಂಶ ಪ್ರಕಟಿಸಿದರು: ಕುಡಿದರೂ ಅಷ್ಟಾಗಿ ಏರದವರಲ್ಲೇ ಮುಂದಿನ ದಶಕದಲ್ಲಿ ವ್ಯಸನ ಹೆಚ್ಚಾಗಿತ್ತು. ‘ಎಷ್ಟು ಹಾಕಿದ್ರೂ ಅವನಿಗೆ ಏರಲ್ಲ’ ಎಂದು ಗೆಳೆಯರು ಮೆಚ್ಚುವ ಹುಡುಗನೇ ಹೆಚ್ಚು ಅಪಾಯದಲ್ಲಿರುವವನು. ಪ್ರತಿ ಕಾಲೇಜಿನ ಅಧ್ಯಾಪಕರಿಗೂ ಈ ಒಂದು ಮಾತು ತಲುಪಬೇಕೆಂಬುದು ನನ್ನ ಆಸೆ.

ಪಕ್ಕದ ಗೋವಾದ ಒಂದು ಅಧ್ಯಯನ ನಮಗೆ ಅತ್ಯಂತ ಹತ್ತಿರದ್ದು. ಅಲ್ಲಿನ ಉತ್ತರ ಭಾಗದ 1,899 ಗಂಡಸರನ್ನು ಕುರಿತು ಅರವಿಂದ್ ಪಿಳ್ಳೈ, ವಿಕ್ರಮ್ ಪಟೇಲ್ ಮೊದಲಾದವರು 2014ರಲ್ಲಿ ಪ್ರಕಟಿಸಿದ ವರದಿಯಂತೆ, 1956–60ರಲ್ಲಿ ಹುಟ್ಟಿದವರ ಪೈಕಿ ಹದಿಹರೆಯದಲ್ಲೇ ಕುಡಿಯಲು ತೊಡಗಿದವರು ಶೇ. 19.5; 1981–85ರಲ್ಲಿ ಹುಟ್ಟಿದವರ ಪೈಕಿ ಶೇ. 74.3. ಹೀಗೆ ಬೇಗ ತೊಡಗಿದವರಲ್ಲಿ ವ್ಯಸನ, ಅಪಾಯಕಾರಿ ಕುಡಿತ, ಕುಡಿತದಿಂದಾದ ಗಾಯ, ಮಾನಸಿಕ ಯಾತನೆ ಎಲ್ಲವೂ ಹೆಚ್ಚು. ಇಪ್ಪತ್ತೈದು ವರ್ಷಗಳ ಅಂತರದಲ್ಲಿ ವಂಶವಾಹಿಗಳು ಬದಲಾಗುವುದಿಲ್ಲ. ಬೇಗ ಕುಡಿಯುವವರೆಲ್ಲ ಹುಟ್ಟಿನಿಂದಲೇ ಅಪಾಯ ಹೊತ್ತು ಬಂದ ಕೆಲವರು ಎಂಬ ವಿವರಣೆ ಇಂಥ ಏರಿಕೆಯ ಮುಂದೆ ಸಾಲದಾಗುತ್ತದೆ. ಬದಲಾದದ್ದು ಪೇಟೆ, ಕೈಯಲ್ಲಿನ ದುಡ್ಡು ಮತ್ತು ಸಹವಾಸ.

ರಾಷ್ಟ್ರಮಟ್ಟದ ಅಂಕಿಗಳು ಇಷ್ಟು ಮಾತಾಡುವುದಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ 10ರಿಂದ 17ರ ವಯಸ್ಸಿನವರಲ್ಲಿ ಕುಡಿಯುವವರು ಶೇ. 1.3, ವಯಸ್ಕರಲ್ಲಿ ಶೇ. 17.1. ಮಕ್ಕಳ ಅಂಕಿ ಚಿಕ್ಕದಾಗಿ ಕಾಣಬಹುದು. ಆದರೆ ಮನೆಮನೆಗೆ ಹೋಗಿ ಕೇಳುವ ಪ್ರಶ್ನೆಗೆ, ಒಳಕೋಣೆಯಲ್ಲಿ ಅಪ್ಪ ಅಮ್ಮ ಇರುವಾಗ, ಹದಿನಾರರ ಹುಡುಗ ಏನು ಉತ್ತರ ಕೊಡಬಲ್ಲ?

ಕಾನೂನಿನಲ್ಲೂ ಗೊಂದಲವಿದೆ. ಮದ್ಯ ಕೊಳ್ಳುವ ಕನಿಷ್ಠ ವಯಸ್ಸನ್ನು ಕರ್ನಾಟಕ ಅಬಕಾರಿ ಕಾಯ್ದೆ 18 ಎನ್ನುತ್ತದೆ, ಅದರಡಿಯ 1967ರ ಪರವಾನಗಿ ನಿಯಮಗಳು 21 ಎನ್ನುತ್ತವೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಹೊರಬಿದ್ದು, ಸಾರ್ವಜನಿಕರ ವಿರೋಧದಿಂದ ಹಿಂದೆ ಸರಿಯಿತು. ಅದು ಒಳ್ಳೆಯದೇ ಆಯಿತು. ಆದರೆ ವಯಸ್ಸಿನ ಗೆರೆಯೊಂದರಿಂದಲೇ ಏನೂ ಆಗದು. ಐಸ್‌ಲ್ಯಾಂಡಿನಲ್ಲಿ ಹಿಂದಿನ ತಿಂಗಳಲ್ಲಿ ಅಮಲೇರುವಷ್ಟು ಕುಡಿದ 15–16ರ ಮಕ್ಕಳು 1998ರಲ್ಲಿ ಶೇ. 42 ಇದ್ದವರು 2016ಕ್ಕೆ ಶೇ. 5ಕ್ಕೆ ಇಳಿದರು. ಅಲ್ಲಿ ಮದ್ಯ ಕೊಳ್ಳುವ ವಯಸ್ಸು 20. ಅದರ ಜೊತೆಗೆ ಶಾಲೆಗಳಲ್ಲಿ ನಿಯತವಾಗಿ ಹೆಸರು ಕೇಳದ ಸಮೀಕ್ಷೆ, ರಾತ್ರಿ ಹೊತ್ತು ಮಕ್ಕಳು ಹೊರಗಿರದಂತೆ ನಿಯಮ, ಆಟ ಮತ್ತು ಸಂಗೀತಕ್ಕೆ ನಗರಾಡಳಿತದ ಹಣ ಇವೆಲ್ಲ ಸೇರಿ ಕೆಲಸ ಮಾಡಿದವು. ನಾಲ್ಕು ಲಕ್ಷದಷ್ಟೂ ಜನರಿಲ್ಲದ ದೇಶದ ವ್ಯವಸ್ಥೆಯನ್ನು ಇಲ್ಲಿ ಹಾಗೆಯೇ ನಡೆಸಲಾಗದು. ಹೆಸರು ಕೇಳದ ಶಾಲಾ ಸಮೀಕ್ಷೆಯನ್ನಂತೂ ನಾಳೆಯೇ ಶುರು ಮಾಡಬಹುದು.

ಅಂಥ ಸಮೀಕ್ಷೆಯಲ್ಲಿ ‘ಕುಡಿಯುತ್ತೀಯಾ, ಎಷ್ಟು ಸಲ’ ಎಂದಷ್ಟೇ ಕೇಳಿದರೆ ತಿಂಗಳಿಗೊಮ್ಮೆ ಕ್ವಾರ್ಟರ್ ಮುಗಿಸುವ ಹುಡುಗ ‘ಅಪರೂಪಕ್ಕೆ ಕುಡಿಯುವವರ’ ಪಟ್ಟಿಗೆ ಸೇರಿ ಕಣ್ಮರೆಯಾಗುತ್ತಾನೆ. ಕೊಂಡದ್ದು ಯಾವ ಅಳತೆಯದು, ಎಷ್ಟು ಜನ ಹಂಚಿಕೊಂಡಿರಿ, ಎಷ್ಟು ಹೊತ್ತಿನಲ್ಲಿ ಮುಗಿಯಿತು, ಮೊದಲು ಏನಾದರೂ ತಿಂದಿದ್ದೆಯಾ, ಮರುದಿನ ಬೆಳಿಗ್ಗೆ ಎಲ್ಲವೂ ನೆನಪಿತ್ತಾ: ಈ ಐದು ಪ್ರಶ್ನೆಗಳನ್ನು ಕಾಲೇಜಿನ ಆಪ್ತಸಮಾಲೋಚಕರೂ ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಕೇಳಬಲ್ಲರು, ಅದಕ್ಕೆ ಖರ್ಚೂ ಇಲ್ಲ. ಉತ್ತರಗಳನ್ನು ಗ್ರಾಂ ಲೆಕ್ಕಕ್ಕೆ ಇಳಿಸಿ, ಅದೇ ಮಕ್ಕಳನ್ನು ಹತ್ತು ವರ್ಷ ಹಿಂಬಾಲಿಸುವ ಅಧ್ಯಯನವೊಂದು ಕನ್ನಡ ನಾಡಿನಲ್ಲಿ ನಡೆದರೆ, ಮೊದಲ ಕುಡಿತದ ವಯಸ್ಸು ಮತ್ತು ಅದರ ಪ್ರಮಾಣ ಇವೆರಡರಲ್ಲಿ ವ್ಯಸನದ ಕಡೆಗೆ ಹೆಚ್ಚು ದೂಡುವುದು ಯಾವುದು ಎಂಬುದನ್ನು ನಮ್ಮದೇ ಆಧಾರದ ಮೇಲೆ ಹೇಳಬಹುದು.