ಹಣ ಬಂದ ಸುದ್ದಿಯ ಬೆಲೆ: ಸಣ್ಣ ವ್ಯಾಪಾರದ ಜಾಲತಾಣಗಳಲ್ಲಿ ಪಾವತಿ ಸ್ವೀಕಾರ

ಡಿಜಿಟಲ್ ಪಾವತಿಯ ಕುರಿತ ನಮ್ಮ ಚರ್ಚೆಗಳಲ್ಲಿ ಹೆಚ್ಚಿನವು ಹಣ ಕೊಡುವವರ ಕಡೆಯಿಂದ ನೋಡಿದವು. ಎಷ್ಟು ಸುಲಭ, ಎಷ್ಟು ಬೇಗ, ಎಷ್ಟು ಭದ್ರ ಎಂಬ ಪ್ರಶ್ನೆಗಳೆಲ್ಲ ಗ್ರಾಹಕರವು. ಪಡೆಯುವವರ ಪ್ರಶ್ನೆಗಳು ಬೇರೆ: ಬಂತೇ? ಯಾರಿಂದ ಬಂತು? ಯಾವುದರ ಬಾಬ್ತು ಬಂತು? ಅಂಗಡಿಯ ಗಲ್ಲಾದ ಮುಂದೆ ಗಿರಾಕಿ ನಿಂತಿರುವುದರಿಂದ ಈ ಮೂರೂ ಅಲ್ಲೇ ಇತ್ಯರ್ಥವಾಗುತ್ತವೆ. ಸ್ವಂತ ಜಾಲತಾಣ ಕಟ್ಟಿಕೊಂಡು ಮಾರುವವರಿಗೆ ಗಿರಾಕಿ ಕಾಣುವುದಿಲ್ಲ, ಹಣವೂ ಕಾಣುವುದಿಲ್ಲ. ಕಾಣುವುದು ಎರಡರ ಬಗೆಗಿನ ವರದಿ ಮಾತ್ರ. ಭಾರತದಲ್ಲಿ ಹಣದ ಸಾಗಣೆ ಬಹುಮಟ್ಟಿಗೆ ಪುಕ್ಕಟೆಯಾಗಿದ್ದರೂ ಹಣ ಬಂದಿದೆ ಎಂಬ ಖಚಿತ ಸುದ್ದಿ ಪುಕ್ಕಟೆಯಾಗಿಲ್ಲ, ಸಣ್ಣ ವ್ಯಾಪಾರಿ ಗೇಟ್‌ವೇ ಶುಲ್ಕವೆಂದು ತೆರುವುದು ಮುಖ್ಯವಾಗಿ ಈ ಸುದ್ದಿಗೆ ಎಂಬುದು ಈ ಲೇಖನದ ವಾದ. ಶುಲ್ಕ ಬೇಡವೆಂದವರು ಅದೇ ಬೆಲೆಯನ್ನು ತಮ್ಮ ದುಡಿಮೆಯಲ್ಲಿ ತೀರಿಸುತ್ತಿದ್ದಾರೆ.

ಪುಕ್ಕಟೆಯಾದದ್ದು ಯಾವುದು?

ಯುಪಿಐಯನ್ನು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಮ್ ರಾಜನ್ 2016ರ ಏಪ್ರಿಲ್ 11ರಂದು ಮುಂಬೈಯಲ್ಲಿ ಚಾಲನೆಗೊಳಿಸಿದರು. 2025ರ ಆಗಸ್ಟ್ ಹೊತ್ತಿಗೆ ಒಂದೇ ತಿಂಗಳಲ್ಲಿ ಅದರ ಮೂಲಕ 2,000 ಕೋಟಿ ವಹಿವಾಟು ನಡೆಯುವಷ್ಟು ಅದು ಬೆಳೆದಿತ್ತು. ಈ ಬೆಳವಣಿಗೆಗೆ ಒತ್ತಾಸೆಯಾದ ಕಾನೂನು ಒಂದಿದೆ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಗೆ 2019ರಲ್ಲಿ ಸೇರಿಸಿದ 10ಎ ಕಲಮಿನಂತೆ, ನಿಗದಿತ ವಿಧಾನಗಳಲ್ಲಿ ಹಣ ಕೊಡುವವರಿಂದಾಗಲಿ ಪಡೆಯುವವರಿಂದಾಗಲಿ ಬ್ಯಾಂಕುಗಳು ನೇರವಾಗಿಯೂ ಪರೋಕ್ಷವಾಗಿಯೂ ಶುಲ್ಕ ವಸೂಲು ಮಾಡುವಂತಿಲ್ಲ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಈ ರಕ್ಷಣೆಗೆ ಒಳಪಟ್ಟವು. ಅದಕ್ಕೂ ಮೊದಲು, 2018ರ ಆರಂಭದಿಂದ, ವರ್ಷಕ್ಕೆ 20 ಲಕ್ಷ ರೂಪಾಯಿಯವರೆಗೆ ವಹಿವಾಟಿರುವ ವರ್ತಕರ ಡೆಬಿಟ್ ಕಾರ್ಡ್ ಶುಲ್ಕಕ್ಕೆ ಶೇ. 0.40ರ ಮಿತಿಯಿತ್ತು. ಸೊನ್ನೆ ಶುಲ್ಕ ಬಂದ ಮೇಲೆ ರುಪೇ ಡೆಬಿಟ್ ಕಾರ್ಡಿನ ಮಟ್ಟಿಗೆ ಆ ಮಿತಿಯ ಮಾತೇ ಹಿಂದೆ ಸರಿಯಿತು.

ಸೊನ್ನೆ ಶುಲ್ಕದ ಬಗ್ಗೆ ಸಣ್ಣ ವ್ಯಾಪಾರಿಗಳಿಗೆ ಇರುವ ಪ್ರೀತಿ ಸಹಜವಾದದ್ದೇ. ಆದರೆ ಅದೇ ವ್ಯಾಪಾರಿ ಅಂಗಡಿಯಲ್ಲಿ ಸೌಂಡ್ ಬಾಕ್ಸ್ ಇಟ್ಟುಕೊಂಡು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾನೆ. ಹಣ ಪುಕ್ಕಟೆ ಬರುವಾಗ ಈ ಬಾಡಿಗೆ ಯಾವುದಕ್ಕೆ? ಆ ಪೆಟ್ಟಿಗೆ ಹಣ ತರುವುದಿಲ್ಲ, ಬಂತೆಂದು ಕೂಗಿ ಹೇಳುತ್ತದೆ, ಅಷ್ಟೇ. ಬೆಳಗ್ಗೆ ಗಿಜಿಗುಡುವ ದರ್ಶಿನಿಯಲ್ಲಿ ಕ್ಯಾಷಿಯರ್ ಪ್ರತಿಯೊಬ್ಬರ ಮೊಬೈಲ್ ಪರದೆ ನೋಡುತ್ತ ಕೂರಲಾರ. ಸುದ್ದಿಗೆ ಸಾಗಣೆಗಿಂತ ಹೆಚ್ಚು ಬೆಲೆ ಇದೆಯೆಂಬುದನ್ನು ಅರ್ಥಶಾಸ್ತ್ರಜ್ಞರಿಗಿಂತ ಮೊದಲು ಮಾರುಕಟ್ಟೆಯೇ ಕಂಡುಕೊಂಡಿತ್ತು.

ಜಾಲತಾಣದ ಎರಡು ದಾರಿ

ವಿವರಣೆಗಾಗಿ ಶಿರಸಿ ಕಡೆಯ ಒಬ್ಬ ಮಾರಾಟಗಾರ್ತಿಯನ್ನು ಕಲ್ಪಿಸಿಕೊಳ್ಳೋಣ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಹಲಸಿನ ಹಪ್ಪಳ ಅವರ ಸರಕು. ಜಾಲತಾಣದಲ್ಲಿ ಹಣ ಪಡೆಯಲು ಅವರ ಮುಂದೆ ಎರಡು ದಾರಿಗಳಿವೆ. ಒಂದು, ತಮ್ಮ ಯುಪಿಐ ಕ್ಯೂಆರ್ ಚಿತ್ರವನ್ನು ಪುಟದಲ್ಲಿ ಹಾಕಿ, ಹಣ ಕಳಿಸಿದ ಮೇಲೆ ಸ್ಕ್ರೀನ್‌ಶಾಟ್ ಅನ್ನು ವಾಟ್ಸಾಪ್ ಮಾಡಿ ಎಂದು ಬರೆಯುವುದು. ಇನ್ನೊಂದು, ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಪಾವತಿ ಸಂಗ್ರಾಹಕ ಸಂಸ್ಥೆಯ (ವ್ಯಾಪಾರಿಗಳ ಮಾತಿನಲ್ಲಿ ಗೇಟ್‌ವೇ) ಮೂಲಕ ಹೋಗುವುದು.

ಮೊದಲನೆಯ ದಾರಿಯಲ್ಲಿ ಶುಲ್ಕವಿಲ್ಲ. ಶನಿವಾರ ಸಂಜೆ 600 ರೂಪಾಯಿಯ ಎರಡು ಆರ್ಡರ್ ಬರುತ್ತವೆ ಎನ್ನೋಣ. ಬ್ಯಾಂಕಿನಿಂದ 600 ರೂಪಾಯಿ ಜಮೆಯಾಯಿತೆಂಬ ಒಂದು ಸಂದೇಶ ಬರುತ್ತದೆ. ಸ್ಕ್ರೀನ್‌ಶಾಟುಗಳು ಮಾತ್ರ ಎರಡು. ಆರ್ಡರ್ ಮಾಡಿದವರ ಹೆಸರು ಒಂದು, ಹಣ ಬಂದ ಖಾತೆಯ ಹೆಸರು ಇನ್ನೊಂದು, ಏಕೆಂದರೆ ಹೆಂಡತಿ ಆರ್ಡರ್ ಮಾಡಿ ಗಂಡನ ಫೋನಿನಿಂದ ಹಣ ಕಳಿಸಿದ್ದಾರೆ. ಸ್ಕ್ರೀನ್‌ಶಾಟನ್ನು ನಂಬುವಂತಿಲ್ಲ, ಅಸಲಿಯಂತೆಯೇ ಕಾಣುವ ನಕಲಿ ಪರದೆ ತಯಾರಿಸುವ ಆ್ಯಪ್‌ಗಳು ಇವೆ. ಖಚಿತ ಮಾಡಿಕೊಳ್ಳಲು ಇರುವ ಒಂದೇ ಆಧಾರ 12 ಅಂಕಿಯ ವಹಿವಾಟು ಸಂಖ್ಯೆ. ಅದನ್ನು ಗಿರಾಕಿಯಿಂದ ಕೇಳಿ ಪಡೆದು, ಬ್ಯಾಂಕ್ ಆ್ಯಪ್ ತೆರೆದು, ಪಾಸ್‌ಬುಕ್ಕಿನ ಸಾಲುಗಳ ಜೊತೆ ತಾಳೆ ನೋಡಬೇಕು. ದಿನಕ್ಕೆ ಐದು ಆರ್ಡರ್ ಇರುವತನಕ ಇದು ಸಾಧ್ಯ. ದೀಪಾವಳಿಯ ವಾರ ಐವತ್ತಾದರೆ ಉಪ್ಪಿನಕಾಯಿ ಹಾಕುವವರು ಯಾರು?

ಇಲ್ಲಿ ತಾಂತ್ರಿಕವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಯುಪಿಐ ಕ್ಯೂಆರ್‌ನಲ್ಲಿ ಪಡೆಯುವವರ ವಿಳಾಸದ ಜೊತೆಗೆ ಮೊತ್ತವನ್ನೂ ಆರ್ಡರಿನ ಉಲ್ಲೇಖ ಸಂಖ್ಯೆಯನ್ನೂ ಸೇರಿಸಲು ಬರುತ್ತದೆ. ಪ್ರತಿ ಆರ್ಡರಿಗೆ ಹೊಸ ಕ್ಯೂಆರ್ ಹುಟ್ಟಿಸುವುದು ಕಷ್ಟದ ಕೆಲಸವೇನಲ್ಲ. ಹಾಗಿದ್ದೂ ಸಮಸ್ಯೆ ಬಗೆಹರಿಯದು, ಏಕೆಂದರೆ ಹಣ ಜಮೆಯಾದಾಗ ಬ್ಯಾಂಕು ಸುದ್ದಿ ಮುಟ್ಟಿಸುವುದು ಖಾತೆದಾರರ ಮೊಬೈಲಿಗೆ, ಅವರ ಜಾಲತಾಣಕ್ಕಲ್ಲ. ಆರ್ಡರ್ ಇರುವ ಯಂತ್ರಕ್ಕೂ ಜಮೆಯ ಸುದ್ದಿ ಬರುವ ಯಂತ್ರಕ್ಕೂ ನಡುವೆ ಒಬ್ಬ ಮನುಷ್ಯ ಕುಳಿತು ಓದಿ ಹೇಳಬೇಕು.

ಎರಡನೆಯ ದಾರಿ ಈ ಮನುಷ್ಯನನ್ನು ತೆಗೆಯುತ್ತದೆ. ಕ್ರಮ ಹೀಗೆ: ಜಾಲತಾಣದ ಸರ್ವರ್ ಮೊದಲು ಸಂಗ್ರಾಹಕನಲ್ಲಿ ಒಂದು ಆರ್ಡರನ್ನು ನೋಂದಾಯಿಸುತ್ತದೆ. ಗಿರಾಕಿ ಯುಪಿಐ, ಕಾರ್ಡು ಅಥವಾ ನೆಟ್ ಬ್ಯಾಂಕಿಂಗ್ ಆರಿಸಿ ಪಾವತಿ ಮಾಡುತ್ತಾರೆ. ಫಲಿತಾಂಶ ಎರಡು ಹಾದಿಗಳಲ್ಲಿ ವಾಪಸಾಗುತ್ತದೆ. ಒಂದು ಗಿರಾಕಿಯ ಬ್ರೌಸರ್ ಮೂಲಕ, ಮತ್ತೊಂದು ಸಂಗ್ರಾಹಕನ ಸರ್ವರಿನಿಂದ ನೇರವಾಗಿ ವ್ಯಾಪಾರಿಯ ಸರ್ವರಿಗೆ. ಎರಡನೆಯದನ್ನು ತಂತ್ರಜ್ಞರು ವೆಬ್‌ಹುಕ್ ಎನ್ನುತ್ತಾರೆ. ಅದರೊಡನೆ ಗುಪ್ತ ಕೀಲಿಯಿಂದ ಲೆಕ್ಕ ಹಾಕಿದ ಒಂದು ಸಹಿ ಇರುತ್ತದೆ. ಸಹಿ ಹೊಂದಿದರೆ ಸುದ್ದಿ ನಿಜ. ಅಂಗಡಿಯ ಸೌಂಡ್ ಬಾಕ್ಸ್ ಮಾಡುವ ಕೆಲಸವನ್ನೇ ಜಾಲತಾಣದಲ್ಲಿ ವೆಬ್‌ಹುಕ್ ಮಾಡುತ್ತದೆ.

ಸಣ್ಣ ತಾಣಗಳ ತಾಪತ್ರಯಗಳಲ್ಲಿ ಬಹಳಷ್ಟು ಹುಟ್ಟುವುದು ಈ ಎರಡು ಹಾದಿಗಳನ್ನು ಒಂದೇ ಎಂದು ತಿಳಿಯುವುದರಿಂದ. ಗಿರಾಕಿ ಪಿನ್ ಒತ್ತಿದ ಮೇಲೆ ಬ್ರೌಸರ್ ಮುಚ್ಚಿಬಿಡಬಹುದು, ನೆಟ್‌ವರ್ಕ್ ಹೋಗಬಹುದು. ಬ್ರೌಸರಿನ ಹಾದಿಯನ್ನಷ್ಟೇ ನೆಚ್ಚಿದ ತಾಣದಲ್ಲಿ ಆಗ ದುಡ್ಡು ಕಟ್ ಆಗಿರುತ್ತದೆ, ಆರ್ಡರ್ ಆಗಿರುವುದಿಲ್ಲ. ವೆಬ್‌ಹುಕ್ ಇದ್ದರೂ ಅದೇ ಸುದ್ದಿ ಎರಡು ಸಲ ಬರಬಹುದು. ಎರಡನೆಯದನ್ನು ಗುರುತಿಸಿ ಬಿಡದಿದ್ದರೆ ಒಂದೇ ಆರ್ಡರಿಗೆ ಎರಡು ಪೊಟ್ಟಣ ಹೊರಡುತ್ತವೆ. ಹೋಸ್ಟಿಂಗ್ ಬದಲಿಸಿದಾಗ ವೆಬ್‌ಹುಕ್ ವಿಳಾಸ ಬದಲಿಸಲು ಮರೆತರೆ ಯಾವ ದೋಷಸಂದೇಶವೂ ಕಾಣಿಸಿಕೊಳ್ಳದೆ ಸುದ್ದಿ ನಿಂತುಹೋಗುತ್ತದೆ. ಇನ್ನೂ ಅಪಾಯದ್ದು ಮೊತ್ತವನ್ನು ಬ್ರೌಸರಿನಿಂದ ಓದಿಕೊಳ್ಳುವ ಪದ್ಧತಿ. ಸ್ವಲ್ಪ ಕೈಚಳಕ ಬಲ್ಲವರು ಅಲ್ಲಿ 600 ಅನ್ನು 6 ಮಾಡಿ ಪಾವತಿಸಬಲ್ಲರು, ಸುದ್ದಿಯಲ್ಲಿ ಪಾವತಿ ಯಶಸ್ವಿ ಎಂದೇ ಬರುತ್ತದೆ. ಮೊತ್ತ ಸರ್ವರಿನಲ್ಲೇ ತೀರ್ಮಾನವಾಗಬೇಕು.

ಈ ಸೇವೆಯ ಬೆಲೆ ಎಷ್ಟು? ಸಂಗ್ರಾಹಕರು ಸಾಮಾನ್ಯವಾಗಿ ಪ್ರಕಟಿಸುವ ದರ ಶೇ. 2. ಅದರ ಮೇಲೆ ಶೇ. 18 ಜಿಎಸ್‌ಟಿ. 600 ರೂಪಾಯಿಗೆ ಶುಲ್ಕ 12, ತೆರಿಗೆ 2.16, ಒಟ್ಟು 14.16, ವ್ಯಾಪಾರಿಯ ಕೈಗೆ ಸಿಗುವುದು 585.84. ಬಹುತೇಕ ಒಪ್ಪಂದಗಳಲ್ಲಿ ಗಿರಾಕಿಗೆ ಹಣ ಮರಳಿಸಿದರೂ ಶುಲ್ಕ ಮರಳುವುದಿಲ್ಲ. ಯುಪಿಐಗೆ ಶುಲ್ಕವಿಲ್ಲವೆಂದು ಕಾನೂನು ಹೇಳಿರುವಾಗ ಇದು ಹೇಗೆ ಎಂದು ವ್ಯಾಪಾರಿಗಳು ಕೇಳುವುದುಂಟು. ಸಂಗ್ರಾಹಕರು ಅದನ್ನು ಪಾವತಿಯ ಶುಲ್ಕವೆನ್ನದೆ ವೇದಿಕೆಯ ಶುಲ್ಕವೆನ್ನುತ್ತಾರೆ. ಈ ನಾಮಕರಣದಲ್ಲಿ ಚಾತುರ್ಯವಿದೆ, ಆದರೆ ಪೂರ್ತಿ ಸುಳ್ಳೂ ಇಲ್ಲ.

ಹಣ ಯಾರ ಕೈಯಲ್ಲಿ, ಎಷ್ಟು ದಿನ?

ಗಿರಾಕಿಯ ಖಾತೆಯಿಂದ ಹೊರಟ ಹಣಕ್ಕೂ ವ್ಯಾಪಾರಿಯ ಖಾತೆಗೂ ನಡುವಿನ ಅವಧಿಯನ್ನು ರಿಸರ್ವ್ ಬ್ಯಾಂಕ್ ಮೊದಲು 2009ರ ನವೆಂಬರಿನಲ್ಲಿ, ಆಮೇಲೆ 2020ರ ಮಾರ್ಚ್ 17ರ ಮಾರ್ಗಸೂಚಿಯಲ್ಲಿ ಹದ್ದುಬಸ್ತಿಗೆ ತಂದಿತು. 2025ರ ಸೆಪ್ಟೆಂಬರಿನಲ್ಲಿ ಇವೆಲ್ಲ ಸಮಗ್ರ ನಿರ್ದೇಶನಗಳ ರೂಪ ತಾಳಿದವು. ಬ್ಯಾಂಕೇತರ ಸಂಗ್ರಾಹಕರಿಗೆ ಅರ್ಜಿಯ ಹೊತ್ತಿಗೆ 15 ಕೋಟಿ, ಮೂರನೆಯ ಆರ್ಥಿಕ ವರ್ಷದ ಕೊನೆಗೆ 25 ಕೋಟಿ ರೂಪಾಯಿ ನಿವ್ವಳ ಮೌಲ್ಯ ಇರಬೇಕು. ಪಡೆದ ಹಣ ಎಸ್ಕ್ರೊ ಎಂಬ ಪ್ರತ್ಯೇಕ ಖಾತೆಯಲ್ಲೇ ಇರಬೇಕು. ವರ್ತಕನ ಹಿನ್ನೆಲೆ ಪರಿಶೀಲಿಸುವುದು ಸಂಗ್ರಾಹಕನ ಹೊಣೆ. ವರ್ತಕನ ತಾಣದಲ್ಲಿ ಸೇವೆಯ ಷರತ್ತುಗಳೂ ಮರುಪಾವತಿಯ ಗಡುವೂ ಸ್ಪಷ್ಟವಾಗಿ ಕಾಣಬೇಕು, ಗ್ರಾಹಕರ ಕಾರ್ಡ್ ವಿವರಗಳನ್ನು ವರ್ತಕ ಇಟ್ಟುಕೊಳ್ಳುವಂತಿಲ್ಲ. ಅರ್ಜಿ ತಿರಸ್ಕೃತವಾಯಿತೆಂದು ಗೊಣಗುವ ಸಣ್ಣ ವ್ಯಾಪಾರಿಗಳು ತಮ್ಮ ತಾಣದಲ್ಲಿ ಮರುಪಾವತಿಯ ಪುಟ ಇದೆಯೇ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಈ ರಕ್ಷಣೆಗಳು ಅಗತ್ಯವಾದವು, ಆದರೆ ಅವುಗಳ ಮುಖ ಗ್ರಾಹಕರ ಕಡೆಗಿದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ಯುಪಿಐಯಲ್ಲಿ ಹಣ ಕಟ್ ಆಗಿ ವರ್ತಕನಿಗೆ ಖಾತರಿ ತಲುಪದಿದ್ದರೆ ವಹಿವಾಟಿನ ನಂತರದ ಐದು ದಿನಗಳೊಳಗೆ ಹಣ ತಾನಾಗಿ ಮರಳಬೇಕು. ತಪ್ಪಿದರೆ ಗ್ರಾಹಕರಿಗೆ ದಿನಕ್ಕೆ 100 ರೂಪಾಯಿ ಪರಿಹಾರ. ಅದೇ ಖಾತರಿ ತಲುಪದೆ ಕೈತಪ್ಪಿದ ಮಾರಾಟಕ್ಕೆ ವರ್ತಕನಿಗೆ ಏನೂ ಇಲ್ಲ.

ವ್ಯಾಪಾರಿಯ ಖಾತೆಗೆ ಹಣ ಬರುವುದೂ ಇಡುಗಂಟಾಗಿ. ಹದಿನೇಳು ಆರ್ಡರುಗಳ ಮೊತ್ತದಲ್ಲಿ ಶುಲ್ಕ, ತೆರಿಗೆ, ಆ ದಿನದ ಮರುಪಾವತಿಗಳು ಕಳೆದು ಒಂದೇ ಸಾಲಿನ ಜಮೆ. ಅದನ್ನು ಮತ್ತೆ ಹದಿನೇಳಾಗಿ ಬಿಡಿಸಿಕೊಳ್ಳಲು ಸಂಗ್ರಾಹಕನ ಇತ್ಯರ್ಥ ಪಟ್ಟಿ ಬೇಕು. ಪಾವತಿಯ ಶಿಸ್ತು ನಿಜವಾಗಿ ಪರೀಕ್ಷೆಗೊಳಗಾಗುವುದು ಇಲ್ಲಿ. ಪಟ್ಟಿಯನ್ನು ವಾರಕ್ಕೊಮ್ಮೆಯಾದರೂ ತಾಳೆ ನೋಡದವರಿಗೆ ವರ್ಷದ ಕೊನೆಯಲ್ಲಿ ಯಾವ ಲೆಕ್ಕ ಪರಿಶೋಧಕರೂ ನೆರವಾಗಲಾರರು.

ತೆರಿಗೆಯ ಕಣ್ಣಿಗೆ ಕಂಡಾಗ

ಜಮೆ ಯಾವುದರ ಬಾಬ್ತು ಎಂಬ ಪ್ರಶ್ನೆ ಕರ್ನಾಟಕದಲ್ಲಿ ಬೀದಿಗೆ ಬಂದದ್ದು 2025ರ ಜುಲೈನಲ್ಲಿ. ಯುಪಿಐ ಜಮೆಗಳ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಫಲಕ ಮಾಯವಾಗಿ ನಗದು ಮಾತ್ರ ಎಂಬ ಚೀಟಿ ಅಂಟಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳುವವರ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದ ಮೇಲೆ ಬಿಸಿ ಇಳಿಯಿತು. ವಿವಾದದ ತಿರುಳು ಇಷ್ಟೇ: ಖಾತೆಯ ಜಮೆಯ ಸಾಲಿನಲ್ಲಿ ಮಾರಾಟ ಯಾವುದು, ಕೈಗಡ ಯಾವುದು, ತಂಗಿ ಕಳಿಸಿದ ಹಣ ಯಾವುದು, ತೆರಿಗೆಯಿಲ್ಲದ ತರಕಾರಿಯ ಹಣ ಯಾವುದು ಎಂದು ಬರೆದಿರುವುದಿಲ್ಲ. ಆರ್ಡರಿನ ಜೊತೆ ಬೆಸೆಯದ ಜಮೆ ವ್ಯಾಪಾರಿಯ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಕೆಲವೊಮ್ಮೆ ವಿರುದ್ಧ ಹೇಳುತ್ತದೆ.

ಜಾಲತಾಣದವರಿಗೆ ಇನ್ನೊಂದು ಗಂಟಿದೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡವೆಂಬ ವಿನಾಯಿತಿ ಹೊರರಾಜ್ಯಕ್ಕೆ ತೆರಿಗೆಯುಳ್ಳ ಸರಕು ಕಳಿಸುವವರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅಂಥವರಿಗೆ ರಾಜಿ ತೆರಿಗೆ ಪದ್ಧತಿಯೂ ಸಿಗದು. ಶಿರಸಿಯ ನಮ್ಮ ಮಾರಾಟಗಾರ್ತಿ ಪುಣೆಯ ಒಂದು ಮನೆಗೆ ಒಂದು ಜಾಡಿ ಕಳಿಸಿದರೂ ನೋಂದಣಿಯ ಪ್ರಶ್ನೆ ಏಳುತ್ತದೆ. ಪಾವತಿಯ ಪುಟಕ್ಕೆ ರಾಜ್ಯದ ಗಡಿ ಗೊತ್ತಿಲ್ಲ, ಕಾನೂನಿಗೆ ಗೊತ್ತಿದೆ. ತಾಣದಲ್ಲಿ ಪಿನ್‌ಕೋಡ್ ಕೇಳಿ ರಾಜ್ಯದೊಳಗೆ ಮಾತ್ರ ಆರ್ಡರ್ ತೆಗೆದುಕೊಳ್ಳುವುದು, ಇಲ್ಲವೇ ಮೊದಲೇ ನೋಂದಣಿ ಮಾಡಿಸುವುದು, ಇವೆರಡರಲ್ಲಿ ಒಂದನ್ನು ತಾಣ ತೆರೆಯುವ ಮುನ್ನವೇ ತೀರ್ಮಾನಿಸಬೇಕು.

ಸುದ್ದಿಯ ಹಂಚಿಕೆ

ಸಣ್ಣ ಮೊತ್ತದ ಯುಪಿಐ ಪಾವತಿಗಳಿಗಾಗಿ ಕೇಂದ್ರ ಸರ್ಕಾರ 2024-25ರ ಸಾಲಿಗೆ 1,500 ಕೋಟಿ ರೂಪಾಯಿಯ ಪ್ರೋತ್ಸಾಹಧನ ಯೋಜನೆಯನ್ನು ಒಪ್ಪಿತು. ಸಣ್ಣ ವರ್ತಕರಿಗೆ ಸಲ್ಲುವ 2,000 ರೂಪಾಯಿಯವರೆಗಿನ ಪಾವತಿಗೆ ಶೇ. 0.15ರ ದರವಿತ್ತು. ಅದರಲ್ಲಿ ಶೇ. 80ರಷ್ಟು ಷರತ್ತಿಲ್ಲದೆ ಬ್ಯಾಂಕುಗಳಿಗೆ ಸಲ್ಲುತ್ತಿತ್ತು. ಉಳಿದ ಶೇ. 20ರಲ್ಲಿ ಅರ್ಧ ತಾಂತ್ರಿಕ ವೈಫಲ್ಯ ಶೇ. 0.75ಕ್ಕಿಂತ ಕಡಿಮೆಯಿದ್ದರೆ, ಇನ್ನರ್ಧ ವ್ಯವಸ್ಥೆ ಶೇ. 99.5ಕ್ಕಿಂತ ಹೆಚ್ಚು ಹೊತ್ತು ಚಾಲ್ತಿಯಲ್ಲಿದ್ದರೆ. ಅಂದರೆ ಸರ್ಕಾರ ಹಣ ಕೊಟ್ಟು ಕೇಳಿದ್ದೂ ಸಾಗಣೆಯ ಗುಣಮಟ್ಟವನ್ನೇ. ಜಮೆಯ ಸುದ್ದಿ ವರ್ತಕನ ಜಾಲತಾಣಕ್ಕೆ ಮುಟ್ಟಿತೇ ಎಂಬುದು ಆ ಷರತ್ತುಗಳಲ್ಲಿ ಇರಲಿಲ್ಲ.

ಅದು ಸೇರಬೇಕು. ಸಹಿ ಮಾಡಿದ ಜಮೆಸುದ್ದಿಯನ್ನು ಆರ್ಡರಿನ ಉಲ್ಲೇಖದೊಂದಿಗೆ ಸಣ್ಣ ವರ್ತಕರ ಸರ್ವರಿಗೆ ಶುಲ್ಕವಿಲ್ಲದೆ ತಲುಪಿಸುವುದನ್ನು ಪ್ರೋತ್ಸಾಹಧನದ ಮೂರನೆಯ ಷರತ್ತಾಗಿಸಲು ಹೊಸ ತಂತ್ರಜ್ಞಾನ ಬೇಕಿಲ್ಲ. ಸಂಗ್ರಾಹಕರಿಗೆ ಬ್ಯಾಂಕುಗಳು ಈಗಾಗಲೇ ಕೊಡುತ್ತಿರುವುದು ಅದನ್ನೇ. ಆಗ ಸಂಗ್ರಾಹಕರ ಶೇ. 2 ಕಾರ್ಡು, ಮರುಪಾವತಿ, ತಕರಾರು ನಿರ್ವಹಣೆಯಂಥ ನಿಜವಾದ ಸೇವೆಗಳ ಬೆಲೆಯಾಗಿ ಉಳಿಯುತ್ತದೆ. ಹಾಗೆ ಆಗುವತನಕ ದಿನಕ್ಕೆ ಹತ್ತಕ್ಕಿಂತ ಹೆಚ್ಚು ಆರ್ಡರ್ ಇರುವ ತಾಣದವರು ಕ್ಯೂಆರ್ ಚಿತ್ರವನ್ನು ತೆಗೆದುಹಾಕಿ ಗೇಟ್‌ವೇ ಹಾಕಿಸಿಕೊಳ್ಳುವುದೇ ಅಗ್ಗ.